26 ಇಮೇಲ್ ವಿಳಾಸಕ್ಕೆ 26 ಲೈಸೆನ್ಸ್ ಬೇಕೆ?

ಪ್ರಶ್ನೆ: ಬೈಕಂಪಾಡಿಯಲ್ಲಿ ನಮ್ಮ ಗೇರುಬೀಜ ಕಾರ್ಖಾನೆ ಇದೆ. ಕಚೇರಿಯ 12 ಮಂದಿ ತಂತಮ್ಮ ಕಂಪ್ಯೂಟರ್, ಮೊಬೈಲ್ ಎರಡರಲ್ಲೂ ಮೇಲ್ ನೋಡುತ್ತಾರೆ. 9 ಶಿಫ್ಟ್ ಸೂಪರ್‌ವೈಸರ್‌ಗಳಿಗೆ ಇರುವುದು ಎರಡೇ ಕಂಪ್ಯೂಟರ್. ಸೇಲ್ಸ್, ಎಕ್ಸ್‌ಪೋರ್ಟ್ ಮುಂತಾದ 5 ಸಾಮಾನ್ಯ ವಿಳಾಸ ಸೇರಿ ಒಟ್ಟು 26. ಈಗಿನದು ಮೈಕ್ರೋಸಾಫ್ಟ್‌ನ ಮೇಲ್ ವ್ಯವಸ್ಥೆಯಾದ ಎಕ್ಸ್‌ಚೇಂಜ್ 2016 ಸರ್ವರ್. ಹೊಸ ಸರ್ವರಿಗೆ 26 ಲೈಸೆನ್ಸ್ ಎಂದು ಕೊಟೇಶನ್ ಬಂದಿದೆ. ಸರಿಯೆ?

ಉತ್ತರ: ಸರಿಯಲ್ಲ. ಎಕ್ಸ್‌ಚೇಂಜ್‌ನಲ್ಲಿ ಲೈಸೆನ್ಸ್ ಲೆಕ್ಕ ಬಳಸುವ ಜನರದ್ದು ಅಥವಾ ಉಪಕರಣಗಳದ್ದು, ವಿಳಾಸಗಳದ್ದಲ್ಲ. ಈ ಲೈಸೆನ್ಸಿಗೆ ಕ್ಯಾಲ್ (ಕ್ಲೈಂಟ್ ಆ್ಯಕ್ಸೆಸ್ ಲೈಸೆನ್ಸ್) ಎಂದು ಹೆಸರು. ನಿಮಗೆ ಕಚೇರಿಯವರಿಗೆ 12 ಯೂಸರ್ ಕ್ಯಾಲ್, ಸೂಪರ್‌ವೈಸರ್‌ಗಳ ಎರಡು ಕಂಪ್ಯೂಟರಿಗೆ 2 ಡಿವೈಸ್ ಕ್ಯಾಲ್, ಹೀಗೆ 14 ಸಾಕು. ಆದರೆ ಸೂಪರ್‌ವೈಸರ್ ಒಬ್ಬರು ತಮ್ಮ ಮೊಬೈಲಲ್ಲಿ ಮೇಲ್ ತೆರೆದರೆ ಆ ಮೊಬೈಲೂ ಇನ್ನೊಂದು ಡಿವೈಸ್. ಅಂಥವರಿಗೆ ಯೂಸರ್ ಕ್ಯಾಲ್ ಕೊಡುವುದೇ ವಾಸಿ.

ಕೊಟೇಶನ್‌ನಲ್ಲಿ ಬೇರೇನು ಬಿಟ್ಟುಹೋಗಿದೆ ನೋಡಿ. 2016, 2019 ಆವೃತ್ತಿ ಎರಡಕ್ಕೂ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈಗ ಇರುವುದು ಸಬ್‌ಸ್ಕ್ರಿಪ್ಶನ್ ಎಡಿಶನ್. ಅದರಲ್ಲಿ ಸರ್ವರ್ ಲೈಸೆನ್ಸ್‌ಗೂ ಕ್ಯಾಲ್‌ಗೂ ಸಾಫ್ಟ್‌ವೇರ್ ಅಶ್ಯೂರೆನ್ಸ್ (ನವೀಕರಿಸುತ್ತಿರಬೇಕಾದ ಮೈಕ್ರೋಸಾಫ್ಟ್ ಒಪ್ಪಂದ) ಚಾಲ್ತಿಯಲ್ಲಿರಬೇಕು; ಒಮ್ಮೆ ಕೊಂಡು ಸುಮ್ಮನಿರುವ ಹಾಗಿಲ್ಲ. ಎಕ್ಸ್‌ಚೇಂಜ್ ಓಡಲು ಬೇಕಾದ ವಿಂಡೋಸ್ ಸರ್ವರ್ ಲೈಸೆನ್ಸ್ ಕನಿಷ್ಠ 16 ಪ್ರೊಸೆಸರ್ ಕೋರ್‌ಗೆ, ಅದರ ಕ್ಯಾಲ್‌ಗಳು ಬೇರೆ. 128 ಜಿಬಿ ರ‍್ಯಾಮ್ ಶಿಫಾರಸು. ಮೇ ತಿಂಗಳ ಸಿಡಿಲಿಗೆ ಯುಪಿಎಸ್, ಅರ್ತಿಂಗ್ ಖರ್ಚೂ ಸೇರಿಸಿ.

ಇಷ್ಟು ಜನಕ್ಕೆ ಸ್ವಂತ ಸರ್ವರ್ ದಂಡ; ಮೈಕ್ರೋಸಾಫ್ಟ್‌ನ ಸರ್ವರಿನಲ್ಲೇ ಮೇಲ್ ಇಡುವ ಎಕ್ಸ್‌ಚೇಂಜ್ ಆನ್‌ಲೈನ್‌ಗೆ ಹೋಗಿ. ಅಲ್ಲಿ ಡಿವೈಸ್ ಲೆಕ್ಕವಿಲ್ಲ, ತಲೆಗೊಂದು ಲೈಸೆನ್ಸ್. 12 ಮಂದಿಗೆ ಪ್ಲಾನ್ 1 ಎಂಬ ಲೈಸೆನ್ಸ್, ಸೂಪರ್‌ವೈಸರ್‌ಗಳಿಗೆ 2 ಜಿಬಿಯ ಕಿಯೋಸ್ಕ್ ಎಂಬ ಚಿಕ್ಕ ಲೈಸೆನ್ಸ್. ಕಿಯೋಸ್ಕ್‌ನವರು ಕಂಪ್ಯೂಟರಲ್ಲಿ ಬ್ರೌಸರ್ ಮೂಲಕ ನೋಡಬೇಕು, ಕಂಪ್ಯೂಟರಿನ ಔಟ್‌ಲುಕ್ ಅವರಿಗಿಲ್ಲ. 5 ಸಾಮಾನ್ಯ ವಿಳಾಸಗಳನ್ನು ಹಲವರು ಸೇರಿ ನೋಡುವ ಶೇರ್ಡ್ ಮೇಲ್‌ಬಾಕ್ಸ್ ಮಾಡಿದರೆ 50 ಜಿಬಿವರೆಗೆ ಲೈಸೆನ್ಸೇ ಬೇಡ. ಕೆಲಸ ಬಿಟ್ಟವರ ಪೆಟ್ಟಿಗೆಯನ್ನೂ ಹಾಗೇ ಬದಲಿಸಿ ಅವರ ಲೈಸೆನ್ಸನ್ನು ಹೊಸಬರಿಗೆ ಕೊಡಬಹುದು.

ವಾರ್ಷಿಕ ಒಪ್ಪಂದದಲ್ಲಿ ನಡುವೆ ಸೀಟು (ಲೈಸೆನ್ಸ್ ಸಂಖ್ಯೆ) ಹೆಚ್ಚಿಸಬಹುದು. ತೆಗೆದುಕೊಂಡ 7 ದಿನ ಕಳೆದರೆ ನವೀಕರಣದ ತನಕ ಇಳಿಸುವಂತಿಲ್ಲ. ಸೀಸನ್‌ಗೆ ಮಾತ್ರ ಬರುವವರಿದ್ದರೆ ಅವರದ್ದನ್ನು ತಿಂಗಳ ಲೆಕ್ಕದಲ್ಲಿಡಿ, ದರ ತುಸು ಜಾಸ್ತಿಯಾದರೂ.

ಮೇಲ್ ಸಾಗಿಸುವಾಗ ಐಮ್ಯಾಪ್ ವಿಧಾನ ಬೇಡ. ಅದರಲ್ಲಿ ಮೇಲ್ ಮಾತ್ರ ಹೋಗುತ್ತದೆ, ಕ್ಯಾಲೆಂಡರ್, ಸಂಪರ್ಕಗಳು ಹಿಂದುಳಿಯುತ್ತವೆ. ನಿಮ್ಮ ಗಾತ್ರಕ್ಕೆ ಎಲ್ಲ ಪೆಟ್ಟಿಗೆಗಳನ್ನೂ ಒಟ್ಟಿಗೇ ಸಾಗಿಸುವ ಕಟ್‌ಓವರ್ ಸರಿ. ಹಿಂದಿನ ದಿನವೇ ಎಂಎಕ್ಸ್ ದಾಖಲೆಯ (ನಿಮಗೆ ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವುದು) ಟಿಟಿಎಲ್, ಅಂದರೆ ಅದನ್ನು ಇತರ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ, 300 ಸೆಕೆಂಡಿಗೆ ಇಳಿಸಿ. ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿಯಾದ ಎಸ್‌ಪಿಎಫ್ ದಾಖಲೆಯಲ್ಲಿ ಹಳೆಯದನ್ನೇ ತಿದ್ದಿ. ಅದರ ಪಕ್ಕಕ್ಕೆ ಇನ್ನೊಂದು ಎಸ್‌ಪಿಎಫ್ ಸೇರಿಸಿದರೆ ಎರಡೂ ಅಸಿಂಧು, ವಿದೇಶದ ಖರೀದಿದಾರರಿಗೆ ಹೋದ ಇನ್‌ವಾಯ್ಸ್ ಸ್ಪ್ಯಾಮ್‌ಗೆ ಬೀಳಬಹುದು. ಕಳಿಸುವ ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂ ಆನ್ ಮಾಡಿ. ಹಳೆಯ ಸರ್ವರ್ ಬಂದ್ ಮಾಡುವ ಮೊದಲು ಸ್ಕ್ಯಾನರ್, ಟ್ಯಾಲಿ ಯಾವುದರ ಮೂಲಕ ಮೇಲ್ ಕಳಿಸುತ್ತಿವೆ ನೋಡಿ, ಹೆಚ್ಚಿನವರಿಗೆ ಇದು ಮರುದಿನವೇ ನೆನಪಾಗುವುದು. ಡೊಮೈನ್ (ವಿಳಾಸದಲ್ಲಿ @ ನಂತರದ ಹೆಸರು) ವೆಂಡರ್ ಹೆಸರಲ್ಲಿದ್ದರೆ ಈ ಕೆಲಸಗಳಿಗೆಲ್ಲ ಮೊದಲು ಅದನ್ನು ಕಂಪನಿ ಹೆಸರಿಗೆ ಮಾಡಿಸಿಕೊಳ್ಳಿ.