ಅರ್ಧ ಸೆಕೆಂಡಿಗೆ 2,000 ಡಾಲರ್!

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮನ ಹತ್ತಿರ ಟೆಸ್ಲಾ ಮಾಡೆಲ್ 3 ಲಾಂಗ್ ರೇಂಜ್ ಇದೆ. 2,000 ಡಾಲರ್ ಕೊಟ್ಟು ‘ಆಕ್ಸಿಲರೇಶನ್ ಬೂಸ್ಟ್’ ಹಾಕಿಸಲಾ ಅಂತ ನನ್ನನ್ನು ಕೇಳುತ್ತಾನೆ. ನಾನು ಪುಣೆಯ ಹಿಂಜವಡಿ ಟ್ರಾಫಿಕ್‌ನಲ್ಲಿ ತೆವಳುವವನು, ಏನು ಹೇಳಲಿ?
– ಓದುಗರು, ವಾಕಡ್

ಉತ್ತರ: ನೀವು ತೆವಳುವ ಜಾಗದಲ್ಲಾದರೆ ಪುಕ್ಕಟೆ ಕೊಟ್ಟರೂ ದಂಡ ಬಿಡಿ! 2019ರ ಕೊನೆಯಲ್ಲಿ ಬಂದ ಈ ಬೂಸ್ಟ್‌ಗೆ ಆಗಲೂ ಇದೇ ಬೆಲೆ. ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ವೇಗ ಮುಟ್ಟಲು 4.4 ಸೆಕೆಂಡ್ ಬೇಕಿದ್ದದ್ದು 3.9ಕ್ಕೆ ಇಳಿಯುತ್ತದೆ ಅಂತ ಕಂಪನಿ ಹೇಳಿತ್ತು. ಹೊಸ ಭಾಗ ಏನೂ ಹಾಕುವುದಿಲ್ಲ. ಕಾರಿನಲ್ಲಿ ಮೊದಲೇ ಇರುವ ಶಕ್ತಿಗೆ ಹಾಕಿದ್ದ ಬೀಗವನ್ನು ಸಾಫ್ಟ್‌ವೇರ್ ಸ್ವಲ್ಪ ಸಡಿಲಿಸುತ್ತದೆ, ಅಷ್ಟೇ. ನಮ್ಮದೇ ಮನೆಯ ಕೋಣೆಗೆ ನಾವೇ ಬಾಡಿಗೆ ಕೊಟ್ಟ ಹಾಗೆ, ಅಲ್ವಾ?

ಹೈವೇಯಲ್ಲಿ ಲಾರಿ ಹಿಂದಿಕ್ಕುವಾಗ ಖುಷಿ ಸಿಗುತ್ತದೆ, ಸುಳ್ಳು ಹೇಳಲಾರೆ. ಆದರೆ ಪದೇಪದೇ ಪೆಡಲ್ ಒತ್ತಿದರೆ ಟೈರ್ ಬೇಗ ಸವೆಯುತ್ತದೆ, ಚಾರ್ಜೂ ಬೇಗ ಇಳಿಯುತ್ತದೆ. ಟೈರ್ ಹಳೆಯದಾಗಿದ್ದರೆ ಮೊದಲು ಅದನ್ನು ಬದಲಿಸಲಿ. ಆಮೇಲೂ ದುಡ್ಡು ಮಿಕ್ಕಿ, ಆಸೆ ತಡೆಯಲಾಗದಿದ್ದರೆ ಹಾಕಿಸಿಕೊಳ್ಳಲಿ. ನನ್ನನ್ನು ಕೇಳಿದರೆ, ಅದೇ ದುಡ್ಡಿಗೆ ಟಿಕೆಟ್ ತೆಗೆದು ಪುಣೆಗೆ ಬಂದು ಹೋಗಲಿ!