ಇನ್ನೂ ಹಾಡಲಿ ಬಿಡಿ

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಹೋದ ಸಂಚಿಕೆಯಲ್ಲಿ ಹಳೆಯ ರಾಕ್ ತಂಡಗಳ ಪ್ರವಾಸದ ಬಗ್ಗೆ ನಾವು ಹಾಕಿದ್ದ ಪುಟ್ಟ ಬರಹ ಓದಿ ಅವರಿಗೆ ಸಿಟ್ಟು ಬಂದಿದೆ. ಎಂಬತ್ತರ ಹತ್ತಿರ ಬಂದವರು ಇಪ್ಪತ್ತೈದರಲ್ಲಿ ಹಾಡಿದ್ದನ್ನೇ ಹಾಡಿಕೊಂಡು ಊರೂರು ಸುತ್ತುವುದು ದುಡ್ಡಿನ ಆಸೆ ಅಲ್ಲದೆ ಮತ್ತೇನು, ದನಿ ಹೋದ ಮೇಲೆ ಮರ್ಯಾದೆಯಿಂದ ಮನೆಗೆ ಹೋಗಬಾರದಾ, ನಮ್ಮಲ್ಲಿ ವಾನಪ್ರಸ್ಥ ಅಂತ ಒಂದು ಪದ್ಧತಿ ಇತ್ತು, ಅದು ಅವರಿಗೆ ಗೊತ್ತಿಲ್ಲ ಅಂತ ಕೇಳಿದ್ದಾರೆ. ಕೊನೆಯ ಪುಟದಲ್ಲಿ, ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್ ಮತ್ತು ಅದರ ಗಾಯಕ ಇಯಾನ್ ಗಿಲನ್ ಮಾತು ಬಂದಾಗ ಮಾತ್ರ, ಸ್ವಲ್ಪ ಮೆತ್ತಗಾಗಿದ್ದಾರೆ. "ಹಾಸ್ಟೆಲ್‌ನಲ್ಲಿದ್ದಾಗ ಡೀಪ್ ಪರ್ಪಲ್ ಕ್ಯಾಸೆಟ್ ಸವೆಯುವಷ್ಟು ಕೇಳಿದ್ದೆ. ಮೊನ್ನೆ ಇಯಾನ್ ಗಿಲನ್ ಹಾಡುವ ಹೊಸ ವಿಡಿಯೊ ಹಾಕಿಕೊಂಡೆ. ಅರ್ಧಕ್ಕೇ ನಿಲ್ಲಿಸಿದೆ. ನೋಡಲಾಗಲಿಲ್ಲ."

ಸರ್, ನಿಮ್ಮ ಈ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮೊದಲ ಮೂರು ಪುಟದ ಸಿಟ್ಟು ಹುಟ್ಟಿದ್ದು ಇಲ್ಲಿಂದ ಅಂತ ನನಗೆ ಅನಿಸಿತು.

ನೀವು ನೆನಪಿಟ್ಟುಕೊಂಡಿರುವ ದನಿ ‘ಚೈಲ್ಡ್ ಇನ್ ಟೈಮ್’ ಹಾಡಿನದು ಅಲ್ವಾ? ಪತ್ರದಲ್ಲಿ ಎರಡು ಸಲ ಅದರ ಹೆಸರು ಬರೆದಿದ್ದೀರಿ. 1970ರಲ್ಲಿ ಬಂದ ಹಾಡು. ಹತ್ತು ನಿಮಿಷ ದಾಟುತ್ತದೆ. ಜಾನ್ ಲಾರ್ಡ್ ಅವರ ಆರ್ಗನ್ ಮೆಲ್ಲಗೆ ಶುರುವಾಗುತ್ತದೆ, ಗಿಲನ್ ಗುನುಗುವ ಹಾಗೆ ಹಾಡುತ್ತಾರೆ, ಆಮೇಲೆ ಆ ದನಿ ಒಂದೊಂದೇ ಮೆಟ್ಟಿಲು ಹತ್ತಿ, ಮಾತೆಲ್ಲ ಉದುರಿಹೋಗಿ, ಕೊನೆಗೆ ಬರೀ ಚೀರಾಟ ಉಳಿಯುತ್ತದೆ. ಕತ್ತಲಲ್ಲಿ ಒಬ್ಬರೇ ಕೂತು ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಗಿಲನ್ ಹುಟ್ಟಿದ್ದು 1945ರ ಆಗಸ್ಟ್‌ನಲ್ಲಿ. ಆ ಹಾಡು ಹೊರಬಂದಾಗ ಅವರಿಗಿನ್ನೂ 25 ತುಂಬಿರಲಿಲ್ಲ.

ಆ ಹಾಡನ್ನು ಅವರು ಕೈಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. 2000ದ ದಶಕದ ಶುರುವಿನಲ್ಲೇ ಬಿಟ್ಟರು. ಮೊದಲಿನ ಹಾಗೆ ಹಾಡಲು ಆಗುವುದಿಲ್ಲ, ಆಗದ್ದನ್ನು ಹಾಡುವುದಿಲ್ಲ, ಅಷ್ಟೇ. ಬೇಕಿದ್ದರೆ ಹಿಂದಿನಿಂದ ಟೇಪ್ ಹಾಕಿ ಬಾಯಾಡಿಸಬಹುದಿತ್ತು. ಇಲ್ಲಾ ಹುಡುಗನೊಬ್ಬನನ್ನು ಕರೆತಂದು ಮೇಲಿನ ಸ್ವರ ಅವನಿಂದ ಹಾಡಿಸಬಹುದಿತ್ತು. ಅದ್ಯಾವುದೂ ಬೇಡ ಅಂದರು. ಇಷ್ಟು ದೊಡ್ಡ ಹಾಡನ್ನು, ಜನ ಕೇಳಲೆಂದೇ ಬರುವ ಹಾಡನ್ನು, ತಾವಾಗಿ ಕೆಳಗಿಡುವುದು ಸುಮ್ನೆ ಮಾತಲ್ಲ. ನೀವು ಕೇಳುವ ಮರ್ಯಾದೆ ಇದೇ ಅಂತ ನನ್ನ ಅಭಿಪ್ರಾಯ.

‘ಸ್ಮೋಕ್ ಆನ್ ದ ವಾಟರ್’ ಮಾತ್ರ ಬಿಟ್ಟಿಲ್ಲ. ಅದಕ್ಕೆ ಅಷ್ಟು ಎತ್ತರದ ದನಿ ಬೇಕಿಲ್ಲ. ಅದು ಕಥೆ ಹೇಳುವ ಹಾಡು, ಅದೂ ನಡೆದ ಕಥೆ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರಿನ ಕ್ಯಾಸಿನೊದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಾಪಾ ಅವರ ಕಾರ್ಯಕ್ರಮ ನಡೆಯುತ್ತಿತ್ತು. ಅದೇ ಕಟ್ಟಡದಲ್ಲಿ ರೆಕಾರ್ಡಿಂಗ್ ಮಾಡಬೇಕು ಅಂತ ಡೀಪ್ ಪರ್ಪಲ್‌ನವರು ಬಂದಿದ್ದರು. ಪ್ರೇಕ್ಷಕರಲ್ಲಿ ಯಾರೋ ಒಬ್ಬ ಫ್ಲೇರ್ ಗನ್, ಅಂದರೆ ಸಂಕೇತಕ್ಕೆ ಉರಿಯುವ ಬೆಳಕು ಸಿಡಿಸುವ ಪಿಸ್ತೂಲು, ಹಾರಿಸಿದ, ಚಾವಣಿಗೆ ಬೆಂಕಿ ಹತ್ತಿತು, ಇಡೀ ಕ್ಯಾಸಿನೊ ಸುಟ್ಟುಹೋಯಿತು. ಹೊಗೆ ಪಕ್ಕದ ಸರೋವರದ ಮೇಲೆ ಹರಡಿದ್ದನ್ನು ಇವರು ಕಣ್ಣಾರೆ ನೋಡಿದರು. ಕಂಡದ್ದನ್ನೇ ಹಾಡು ಮಾಡಿದರು. ‘ನೀರ ಮೇಲಿನ ಹೊಗೆ’ ಅನ್ನುವ ಆ ಹೆಸರು ಹೊಳೆದದ್ದು ಬೇಸ್ ನುಡಿಸುವ ರೋಜರ್ ಗ್ಲೋವರ್‌ಗೆ. ಅವರೂ ಇನ್ನೂ ತಂಡದಲ್ಲಿದ್ದಾರೆ. ಈಗ ಹೇಳಿ. ಹೊಳೆಯ ದೊಡ್ಡ ಪ್ರವಾಹ ನೋಡಿದ ಅಜ್ಜ ಆ ಕಥೆಯನ್ನು ನಡುಗುವ ದನಿಯಲ್ಲಿ ಹೇಳಿದರೆ ನಾವು ಎದ್ದು ಹೋಗುತ್ತೇವಾ? ಇನ್ನಷ್ಟು ಹತ್ತಿರ ಸರಿದು ಕೂರುತ್ತೇವೆ. ನನಗೆ ಗಿಲನ್ ಈಗ ಆ ಹಾಡು ಹಾಡುವುದು ಹಾಗೆ ಕೇಳಿಸುತ್ತದೆ.

ದನಿ ಹೋಗಿದೆ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ವಯಸ್ಸಾದ ಹಾಗೆ ಧ್ವನಿತಂತುಗಳು ಬಿಗಿಯಾಗುತ್ತವೆ, ಮೊದಲಿನಂತೆ ಎಳೆತಕ್ಕೆ ಬಗ್ಗುವುದಿಲ್ಲ. ಉಸಿರೂ ಕಮ್ಮಿಯಾಗುತ್ತದೆ. ಮೇಲಿನ ಸ್ವರಗಳು ಮೊದಲು ಹೋಗುತ್ತವೆ. ಅದಕ್ಕೇ ಎಷ್ಟೋ ತಂಡಗಳು ಗಿಟಾರ್ ತಂತಿಯನ್ನೇ ಅರ್ಧ ಸ್ವರ, ಒಂದು ಸ್ವರ ಸಡಿಲಿಸಿ ಇಡೀ ಹಾಡನ್ನು ಕೆಳಗಿಳಿಸುತ್ತವೆ. ಕೇಳುವವರಿಗೆ ಅದು ಗೊತ್ತಾಗುವುದೇ ಅಪರೂಪ. ನನ್ನ ತಮ್ಮನ ಮಗ ಒಂದು ದಿನ ಇಂಥ ವಿಡಿಯೊ ಹಾಕಿಕೊಂಡು ಜೊತೆಗೆ ನುಡಿಸಲು ಕೂತವನು ಅರ್ಧ ಗಂಟೆ ತನ್ನ ಗಿಟಾರ್‌ನ ಕಿವಿ ಹಿಂಡಿದ್ದೇ ಹಿಂಡಿದ್ದು. ಶ್ರುತಿ ಸೇರುತ್ತಲೇ ಇಲ್ಲ. ಆಮೇಲೆ ನೋಡಿದರೆ ಅವನ ಗಿಟಾರ್ ಸರಿಯಾಗೇ ಇತ್ತು, ಅವರು ಇಳಿಸಿಕೊಂಡಿದ್ದರು. ಇದು ಮೋಸ ಅಲ್ಲ. ನಮ್ಮ ಗಾಯಕರು ತಮ್ಮ ಕಂಠಕ್ಕೆ ತಕ್ಕ ಶ್ರುತಿ ಇಟ್ಟುಕೊಂಡು ಹಾಡುವುದಿಲ್ವಾ, ಹಾಗೆಯೇ. ಟೇಪ್ ಹಾಕಿ ತುಟಿ ಆಡಿಸುವುದು ಮೋಸ. ಅದನ್ನು ನಾನೂ ಒಪ್ಪುವುದಿಲ್ಲ.

ಈಗ ನನ್ನ ಒಂದು ನೆನಪು ಹೇಳುತ್ತೇನೆ. 2003ರ ಏಪ್ರಿಲ್ 4, ಬೆಂಗಳೂರಿನ ಅರಮನೆ ಮೈದಾನ. ಬ್ರಿಟನ್ನಿನದೇ ಇನ್ನೊಂದು ಹಳೆಯ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಬಂದಿದ್ದರು. ಡೀಪ್ ಪರ್ಪಲ್ ಅದೇ ಮೈದಾನಕ್ಕೆ 2001ರಲ್ಲೇ ಬಂದು ಹೋಗಿದ್ದರು, ಅದು ನನಗೆ ತಪ್ಪಿಹೋಗಿತ್ತು, ಇದನ್ನು ಬಿಡಬಾರದು ಅಂತ ಹಟ. ಜೊತೆಗಿದ್ದ ಗೆಳೆಯ, "ಈಗಲೇ ನೋಡಿಬಿಡೋಣ ಕಣೋ, ಇನ್ನೊಂದೆರಡು ವರ್ಷ ಅಷ್ಟೇ, ಮುದುಕರಾದರು" ಅಂದಿದ್ದ. ಆಗ ಸ್ಟೋನ್ಸ್ ಗಾಯಕ ಮಿಕ್ ಜಾಗರ್‌ಗೆ 59. ನಾವು ನಿಂತಿದ್ದ ಜಾಗದಿಂದ ವೇದಿಕೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು, ಹಾಗಾಗಿ ನಾನು ಜಾಸ್ತಿ ನೋಡಿದ್ದು ಪಕ್ಕದ ದೊಡ್ಡ ಪರದೆ. ಅದರಲ್ಲಿ ಒಂದು ಸಲ ಡ್ರಮ್ಸ್ ನುಡಿಸುವ ಚಾರ್ಲಿ ವಾಟ್ಸ್ ಕೈ ತೋರಿಸಿದರು. ಎಡಗೈ ಸ್ನೇರ್ ಡ್ರಮ್ಮಿಗೆ ಬೀಳುವ ಹೊತ್ತಿಗೆ ಸರಿಯಾಗಿ ಬಲಗೈ ಹೈ-ಹ್ಯಾಟ್ ತಾಳದ ಮೇಲಿಂದ ಎದ್ದು ಗಾಳಿಯಲ್ಲಿ ನಿಲ್ಲುತ್ತಿತ್ತು. ಬೇರೆ ಡ್ರಮ್ಮರ್‌ಗಳು ಎರಡನ್ನೂ ಒಟ್ಟಿಗೆ ಹೊಡೆಯುತ್ತಾರೆ. ಇವರು ಒಂದು ಏಟನ್ನು ಬಿಟ್ಟುಬಿಡುತ್ತಾರೆ. ಆ ಬಿಟ್ಟ ಜಾಗದಲ್ಲೇ ಸ್ಟೋನ್ಸ್ ತಾಳದ ಆ ತೂಗಾಟ ಇರುವುದು ಅಂತ ನನಗೆ ಆ ರಾತ್ರಿ ಗೊತ್ತಾಯಿತು. ಇಪ್ಪತ್ತು ವರ್ಷ ರೆಕಾರ್ಡ್ ಕೇಳಿದರೂ ಗೊತ್ತಾಗಿರಲಿಲ್ಲ. 61 ವರ್ಷದ ಮನುಷ್ಯ ಎದುರಿಗೆ ನುಡಿಸುವುದನ್ನು ನೋಡಬೇಕಾಯಿತು.

"ಇನ್ನೊಂದೆರಡು ವರ್ಷ" ಅಂದಿದ್ದೆವಲ್ಲ. ಜಾಗರ್‌ಗೆ 2019ರಲ್ಲಿ ಹೃದಯದ ಕವಾಟದ ಚಿಕಿತ್ಸೆ ಆಯಿತು, ಕೆಲವೇ ತಿಂಗಳಲ್ಲಿ ಮತ್ತೆ ವೇದಿಕೆ ಹತ್ತಿದರು. 2021ರಲ್ಲಿ ಚಾರ್ಲಿ ವಾಟ್ಸ್ ತೀರಿಕೊಂಡರು. ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್ ಬೆರಳುಗಳಿಗೆ ಸಂಧಿವಾತ, ಹಳೆಯ ಹಿಡಿತ ಸಾಗದಿದ್ದಾಗ ಬೇರೆ ಹಿಡಿತ ಹುಡುಕಿಕೊಳ್ಳುತ್ತೇನೆ ಅನ್ನುತ್ತಾರೆ. ಇಷ್ಟಾಗಿಯೂ 2023ರಲ್ಲಿ ಹೊಸ ಹಾಡುಗಳ ಆಲ್ಬಮ್ ತಂದರು, ತಮ್ಮದೇ ಹೊಸ ಹಾಡುಗಳ ಆಲ್ಬಮ್ ಬಂದು 18 ವರ್ಷವಾಗಿತ್ತು. 2024ರಲ್ಲಿ 80ರ ಜಾಗರ್ ಅಮೆರಿಕದ ಸ್ಟೇಡಿಯಂಗಳಲ್ಲಿ ಓಡಾಡಿಕೊಂಡು ಹಾಡಿದರು. ಅರಮನೆ ಮೈದಾನದ ಆ ರಾತ್ರಿ ನನಗೆ 36. ಈಗ ನಾನು ಆಗಿನ ಜಾಗರ್ ವಯಸ್ಸಿಗೆ ಬಂದು ನಿಂತಿದ್ದೇನೆ. ಮುದುಕರು ಅಂತ ನಾವು ಎಷ್ಟು ಬೇಗ ಹಣೆಪಟ್ಟಿ ಹಚ್ಚಿದ್ದೆವು ಅಂತ ಈಗ ಬೇಸರವಾಗುತ್ತದೆ.

ದುಡ್ಡಿನ ವಿಷಯ. ದುಡ್ಡಿಗೆ ಹಾಡುತ್ತಾರೆ, ನಿಜ. ಹಾಡುವುದು ಅವರ ಕೆಲಸ. ಮೊದಲು ರೆಕಾರ್ಡ್ ಮಾರಲು ಪ್ರವಾಸ ಹೋಗುತ್ತಿದ್ದರು, ಈಗ ರೆಕಾರ್ಡ್ ಮಾರಾಟ ಬಿದ್ದುಹೋಗಿ ಪ್ರವಾಸವೇ ದುಡಿಮೆ ಆಗಿದೆ. ಹಾಡು ಬರೆದವರಿಗೆ ರಾಯಲ್ಟಿ ಬರುತ್ತದೆ, ಬರೀ ನುಡಿಸಿದವರಿಗೆ ವೇದಿಕೆ ಬಿಟ್ಟರೆ ಬೇರೆ ದಾರಿ ಕಡಿಮೆ. ಟಿಕೆಟ್ ಬೆಲೆ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಹಳೆಯ ಅಭಿಮಾನಿಯ ಪ್ರೀತಿಯನ್ನು ಹಿಂಡುವ ಹಾಗಿರುತ್ತದೆ ಕೆಲವೊಮ್ಮೆ. ವಿದಾಯ ಅಂತ ಹೇಳಿ ಟಿಕೆಟ್ ಮಾರಿ ಮತ್ತೆ ಮತ್ತೆ ಬರುವುದೂ ತಪ್ಪೇ. ನಮ್ಮ ಡೀಪ್ ಪರ್ಪಲ್‌ನವರೇ 2017ರಲ್ಲಿ ‘ದೀರ್ಘ ವಿದಾಯ’ ಅನ್ನುವ ಅರ್ಥದ ಹೆಸರಿಟ್ಟು ಹೊರಟರು, ಅದಾದ ಮೇಲೂ ಪ್ರವಾಸ ನಿಲ್ಲಿಸಿಲ್ಲ. ಆ ಹೆಸರು ಇಡಬಾರದಿತ್ತು.

ಆದರೆ ನಿಲ್ಲಿಸುವುದು ಯಾವಾಗ ಅಂತ ಯಾರು ಹೇಳಬೇಕು? ಕೆನಡಾದ ರಶ್ ತಂಡದ ಡ್ರಮ್ಮರ್ ನೀಲ್ ಪಿಯರ್ಟ್ 2015ರಲ್ಲಿ 62ನೇ ವಯಸ್ಸಿಗೇ ನಿಲ್ಲಿಸಿದರು. ಕೈಕಾಲು ನೋವಿನಲ್ಲಿ ತಮ್ಮ ಮಟ್ಟಕ್ಕೆ ನುಡಿಸಲು ಆಗದಿದ್ದರೆ ಬೇಡ ಅಂದರು. ಅದು ಅವರ ತೀರ್ಮಾನ, ಅದಕ್ಕೆ ಕೈಮುಗಿಯುತ್ತೇನೆ. ಡೀಪ್ ಪರ್ಪಲ್‌ನ ಇಯಾನ್ ಪೇಸ್ ಕೂಡ ಡ್ರಮ್ಮರ್. 1968ರಿಂದ ಇವತ್ತಿನವರೆಗೆ ಆ ತಂಡದಲ್ಲಿ ಎಲ್ಲ ಕಾಲಕ್ಕೂ ಇದ್ದವರು ಅವರೊಬ್ಬರೇ. 2016ರಲ್ಲಿ ಅವರಿಗೆ ಸಣ್ಣ ಮಟ್ಟದ ಪಾರ್ಶ್ವವಾಯು ಆಯಿತು. ಆ ವರ್ಷವೇ ಮತ್ತೆ ಡ್ರಮ್ಸ್ ಮುಂದೆ ಕೂತರು. ಅದೂ ಅವರ ತೀರ್ಮಾನ. ಪಿಯರ್ಟ್ ಸರಿ, ಪೇಸ್ ತಪ್ಪು ಅಂತ ನಮ್ಮ ಸೋಫಾ ಮೇಲೆ ಕೂತು ಹೇಳುವುದು ನನ್ನಿಂದಾಗದು.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಾಡಿದ ಮಾತು ಬೇರೆ. "ಅವರು ಆಗ ಹೇಗಿದ್ದರೋ ಹಾಗೇ ನಮ್ಮ ಮನಸ್ಸಿನಲ್ಲಿ ಉಳಿಯಲಿ" ಅಂದಿದ್ದೀರಿ. ಈ ಆಸೆಯನ್ನು ಪೂರೈಸುವವರು ಬಂದಿದ್ದಾರೆ ಸರ್. 2023ರ ಡಿಸೆಂಬರ್ 2ರಂದು ನ್ಯೂಯಾರ್ಕ್‌ನಲ್ಲಿ ಕಿಸ್ ತಂಡ ತನ್ನ ಕೊನೆಯ ಕಾರ್ಯಕ್ರಮ ಮುಗಿಸಿತು. ನಾಲ್ಕೂ ಜನ ಕೆಳಗಿಳಿದ ಮೇಲೆ ಅವರ ಡಿಜಿಟಲ್ ರೂಪಗಳು ವೇದಿಕೆ ಮೇಲೆ ಕಾಣಿಸಿಕೊಂಡವು, ಇನ್ನು ಮುಂದೆ ಇವು ಹಾಡುತ್ತವೆ ಅಂತ. ಸುಕ್ಕಿಲ್ಲ, ಏದುಸಿರಿಲ್ಲ, ಸ್ವರ ತಪ್ಪುವುದಿಲ್ಲ. ನಾನು ಆ ತುಣುಕು ನೋಡಿದೆ. ಚೆನ್ನಾಗಿ ಮಾಡಿದ್ದಾರೆ, ಆದರೆ ನನಗೆ ಅಲ್ಲಿ ಯಾರೂ ಕಾಣಲಿಲ್ಲ. ಇವತ್ತು ಈ ಹಾಡು ಇವರಿಗೆ ದಕ್ಕುತ್ತಾ ಇಲ್ವಾ ಅನ್ನುವ ಆತಂಕವೇ ಇಲ್ಲದಿದ್ದರೆ ನಾನು ಎದುರಿಗೆ ಹೋಗಿ ನಿಲ್ಲುವುದಾದರೂ ಯಾಕೆ? ಮನೆಯಲ್ಲಿ ಕ್ಯಾಸೆಟ್ ಇದೆಯಲ್ಲ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 2022ರ ಮಾರ್ಚ್ 26, ಲಂಡನ್, ಜೆನೆಸಿಸ್ ತಂಡದ ಕೊನೆಯ ಕಾರ್ಯಕ್ರಮ. ಫಿಲ್ ಕಾಲಿನ್ಸ್ ಕುರ್ಚಿಯಲ್ಲಿ ಕೂತೇ ಹಾಡಿದರು. ಜಗತ್ತಿನ ಒಳ್ಳೆಯ ಡ್ರಮ್ಮರ್‌ಗಳಲ್ಲಿ ಒಬ್ಬರು, ಬೆನ್ನುಮೂಳೆ ಮತ್ತು ನರದ ತೊಂದರೆಯಿಂದ ಡ್ರಮ್ಸ್ ಬಾರಿಸುವ ಕೋಲು ಹಿಡಿಯಲೂ ಕಷ್ಟಪಡುವ ಸ್ಥಿತಿ. ಅವರ ಬೆನ್ನ ಹಿಂದೆ, ಅವರದೇ ಜಾಗದಲ್ಲಿ, 20 ವರ್ಷದ ಮಗ ನಿಕ್ ಡ್ರಮ್ಸ್ ನುಡಿಸುತ್ತಿದ್ದ. ಅಪ್ಪ ಹಿಂದಿರುಗಿ ನೋಡದೆಯೇ ಮಗನ ಏಟಿಗೆ ಸರಿಯಾಗಿ ಮಾತು ಎತ್ತಿಕೊಳ್ಳುತ್ತಿದ್ದರು. ದನಿ ಸಣ್ಣದಾಗಿತ್ತು, ಕೆಲವು ಕಡೆ ಮುರಿಯುತ್ತಿತ್ತು. ವಿಡಿಯೊವನ್ನು ನಿಮ್ಮ ಹಾಗೆ ಅರ್ಧಕ್ಕೆ ನಿಲ್ಲಿಸಬೇಕು ಅಂತ ನನಗೂ ಅನಿಸಿದ್ದು ಹೌದು. ನಿಲ್ಲಿಸಲಿಲ್ಲ, ಅದು ಒಳ್ಳೆಯದಾಯಿತು.

ವಾನಪ್ರಸ್ಥದ ಮಾತಿಗೆ ಒಂದೇ ಉತ್ತರ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ 2006ರಲ್ಲಿ, 90 ದಾಟಿದ ಮೇಲೂ, ವೇದಿಕೆ ಮೇಲೆ ಕೂತು ಹಾಡಿದರು. ಮನೆಗೆ ಹೋಗಿ ಅಂತ ಅವರಿಗೆ ಯಾರೂ ಹೇಳಲಿಲ್ಲ. ಆ ಗೌರವ ನಮಗೆ ರಕ್ತದಲ್ಲೇ ಬಂದಿದೆ. ರಾಕ್ ಸಂಗೀತ ಹುಡುಗರದ್ದು, ಅದಕ್ಕೆ ಮೈಕಸುವು ಬೇಕು ಅಂತ ನೀವು ಹೇಳಬಹುದು. ಆದರೆ ಆ ಸಂಗೀತಕ್ಕೆ ಮುಪ್ಪು ಅನ್ನುವುದೇ ಇನ್ನೂ ಹೊಸದು. 80ರ ರಾಕ್ ಗಾಯಕ ಹೇಗೆ ಹಾಡಬೇಕು ಅಂತ ತೋರಿಸಿಕೊಡಲು ಅವರಿಗಿಂತ ಹಿರಿಯರು ಹೆಚ್ಚು ಜನ ಇರಲಿಲ್ಲ. ತಡವರಿಸಿಕೊಂಡು ತಾವೇ ಕಂಡುಕೊಳ್ಳುತ್ತಿದ್ದಾರೆ. ನಾವು ಸ್ವಲ್ಪ ತಾಳ್ಮೆಯಿಂದ ಕೇಳೋಣ.

ನೀವು ಅರ್ಧಕ್ಕೆ ಬಿಟ್ಟ ವಿಡಿಯೊವನ್ನು ಇನ್ನೊಂದು ಸಲ ಹಾಕಿ, ಈ ಸಲ ಗಿಟಾರ್ ನುಡಿಸುವವರನ್ನು ನೋಡಿ. ಅವರು ಸೈಮನ್ ಮೆಕ್‌ಬ್ರೈಡ್, ತಂಡಕ್ಕೆ ಬಂದದ್ದು 2022ರಲ್ಲಿ. ಮಾಂಟ್ರೊದ ಕ್ಯಾಸಿನೊ ಸುಟ್ಟಾಗ ಅವರು ಹುಟ್ಟೇ ಇರಲಿಲ್ಲ. ‘ಸ್ಮೋಕ್ ಆನ್ ದ ವಾಟರ್’ನ ಆ ನಾಲ್ಕು ಸ್ವರದ ಗಿಟಾರ್ ಸಾಲನ್ನು ಅವರು ಎತ್ತಿಕೊಂಡಾಗ ಪಕ್ಕದಲ್ಲಿ ನಿಂತ ಗಿಲನ್ ಮುಖ ನೋಡಿ.

ಮತ್ತೆ ಒಂದು ವಿಷಯ. ನಿಮ್ಮ ಹಾಸ್ಟೆಲ್ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಡೀಪ್ ಪರ್ಪಲ್ ಇತ್ತು ಅಂತ ಬರೆದಿದ್ದೀರಿ. ಇನ್ನೊಂದು ಬದಿಯಲ್ಲಿ ಏನಿತ್ತು? ಖಂಡಿತ ಬರೆಯಿರಿ.