ಪದೇ ಪದೇ ಊದುವ ಕೆನ್ನೆಗೆ ಯಾವ ಸ್ಕ್ಯಾನ್?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಮಗನಿಗೆ ಆರು ವರ್ಷ. ವರ್ಷಕ್ಕೆ ಮೂರ್ನಾಲ್ಕು ಸಲ ಎಡಗಡೆ ಕಿವಿಯ ಕೆಳಗೆ ಊದಿಕೊಳ್ಳುತ್ತದೆ, ಜ್ವರ ಬರುತ್ತದೆ, ನಾಲ್ಕೈದು ದಿನಕ್ಕೆ ಇಳಿಯುತ್ತದೆ. ನಮ್ಮತ್ತೆ ಪ್ರತಿ ಸಲವೂ ಮಂಗನಬಾವು ಅನ್ನುತ್ತಾರೆ. ಡಾಕ್ಟರು ಬರೀ ಅಲ್ಟ್ರಾಸೌಂಡ್ ಬರೆದಿದ್ದಾರೆ. ಬಸುರಿಯರ ಸ್ಕ್ಯಾನು ಕೆನ್ನೆಗೆ ಯಾಕೆ, ನೇರ ಸಿಟಿ ಸ್ಕ್ಯಾನ್ ಮಾಡಿಸಿ ಅಂತ ನಮ್ಮ ಭಾವ ಹಟ ಹಿಡಿದಿದ್ದಾರೆ. ಏನು ಮಾಡಲಿ?’

ಸಿಟಿಯ ದುಡ್ಡು ಉಳಿಸಿಕೊಳ್ಳಿ ಅಮ್ಮ. ನಾನು ಡಾಕ್ಟರಲ್ಲ, ನಿಮ್ಮ ಮಗನನ್ನು ನೋಡಿಯೂ ಇಲ್ಲ. ಆದರೆ ನಿಮ್ಮ ಡಾಕ್ಟರು ಹಿಡಿದ ದಾರಿ ಸರಿಯಾಗಿದೆ.

ಮೊದಲು ಅತ್ತೆಯವರ ಮಾತು. ಮೊದಲ ಸಲ ಊದಿದಾಗ ಅವರ ಅನುಮಾನಕ್ಕೆ ಅರ್ಥವಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವ ಎಂಆರ್ ಲಸಿಕೆ ದಡಾರಕ್ಕೂ ರುಬೆಲ್ಲಾಕ್ಕೂ ಮಾತ್ರ, ಮಂಗನಬಾವಿಗಲ್ಲ. ಅದಕ್ಕೆ ಎಂಎಂಆರ್ ಅನ್ನೋ ಬೇರೆ ಲಸಿಕೆ ಬೇಕು. ಆದರೆ ಮಂಗನಬಾವು ಸಾಮಾನ್ಯವಾಗಿ ಬದುಕಿನಲ್ಲಿ ಒಂದೇ ಸಲ ಬರುವಂಥದ್ದು. ವರ್ಷಕ್ಕೆ ಮೂರು ಸಲ ಬಂದರೆ ಬೇರೆ ಏನೋ ಇದೆ ಅಂತಲೇ ಲೆಕ್ಕ.

ಆ ಬೇರೆ ಏನೋ ಹೆಚ್ಚಾಗಿ ಕಿವಿಯ ಮುಂದೂ ಕೆಳಗೂ ಹರಡಿರುವ ಪ್ಯಾರೋಟಿಡ್ ಅನ್ನೋ ಜೊಲ್ಲುಗ್ರಂಥಿ ಮತ್ತೆ ಮತ್ತೆ ಬಾತುಕೊಳ್ಳುವ ತೊಂದರೆ. ಮಕ್ಕಳಲ್ಲಿ ಜೊಲ್ಲುಗ್ರಂಥಿ ಊದುವುದಕ್ಕೆ ಮಂಗನಬಾವು ಬಿಟ್ಟರೆ ಇದೇ ದೊಡ್ಡ ಕಾರಣ. ಸಾಮಾನ್ಯವಾಗಿ 3ರಿಂದ 6 ವರ್ಷದೊಳಗೆ ಶುರುವಾಗುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ಮೀಸೆ ಚಿಗುರುವ ವಯಸ್ಸಿಗೆ ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಡಾಕ್ಟರು ಕಿವಿಯ ಮುಂದೆ ಮೆಲ್ಲಗೆ ಒತ್ತಿ, ಬಾಯೊಳಗೆ ಮೇಲಿನ ದವಡೆಹಲ್ಲಿನ ಎದುರು ಕೆನ್ನೆಗೆ ಟಾರ್ಚ್ ಬಿಟ್ಟು ನೋಡಿರಬಹುದು. ಗ್ರಂಥಿಯ ನಾಳ ಬಾಯಿ ತೆರೆಯುವುದು ಅಲ್ಲೇ. ಒತ್ತಿದಾಗ ತಿಳಿಜೊಲ್ಲಿನ ಬದಲು ಬಿಳಿ ಚೂರುಗಳೋ ಕೀವೋ ಬಂದರೆ ಅರ್ಧ ಉತ್ತರ ಸಿಕ್ಕಿತು.

ಉಳಿದರ್ಧ ಅಲ್ಟ್ರಾಸೌಂಡಿನಲ್ಲಿ. ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮಾಡಿಸಬಹುದು. ತಣ್ಣನೆಯ ಜೆಲ್ ಹಚ್ಚಿದಾಗ ಕಚಗುಳಿ ಅಂತ ನಗಬಹುದು, ಅಷ್ಟೇ. ಸೂಜಿ ಇಲ್ಲ, ಮಂಪರು ಇಲ್ಲ, ಎಕ್ಸ್‌ರೇ ಇಲ್ಲ. ಚೆನ್ನಾಗಿರುವ ಗ್ರಂಥಿ ಪರದೆಯ ಮೇಲೆ ಒಂದೇ ಸಮನೆ ಬೂದಿಬಣ್ಣ. ಈ ತೊಂದರೆಯಲ್ಲಿ ಗ್ರಂಥಿ ದಪ್ಪಗಾಗಿ, ದೋಸೆಗೆ ತೂತು ಬಿದ್ದ ಹಾಗೆ 2ರಿಂದ 4 ಮಿಲಿಮೀಟರಿನ ಕಪ್ಪು ಚುಕ್ಕೆಗಳು ಕಾಣುತ್ತವೆ. ಎಷ್ಟೋ ಸಲ ಊದದ ಕಡೆಯ ಗ್ರಂಥಿಯಲ್ಲೂ ಇರುತ್ತವೆ! ಅದಕ್ಕೇ ಎರಡೂ ಕೆನ್ನೆ ನೋಡಿ ಅಂತ ಸ್ಕ್ಯಾನ್ ಮಾಡುವವರಿಗೆ ಹೇಳಿ. ಜೊಲ್ಲಿನ ನಾಳದಲ್ಲಿ ಕಟ್ಟುವ ಕಲ್ಲು, ಕೀವಿನ ಗಂಟು, ಹಸುಗೂಸುಗಳಲ್ಲಿ ಬರುವ ರಕ್ತನಾಳದ ಗಂಟು, ಇವನ್ನೂ ಅಲ್ಟ್ರಾಸೌಂಡ್ ಚೆನ್ನಾಗಿ ಹಿಡಿಯುತ್ತದೆ.

ಇದೇ ಥರ ಚುಕ್ಕೆಗಳು ಇನ್ನು ಕೆಲವು ಕಾಯಿಲೆಗಳಲ್ಲೂ ಕಾಣುವುದರಿಂದ ಡಾಕ್ಟರು ರಕ್ತಪರೀಕ್ಷೆ ಬರೆಯಬಹುದು. ಅದಕ್ಕೆ ಗಾಬರಿಯಾಗಬೇಡಿ.

ಇನ್ನು ಭಾವನವರ ಸಿಟಿ. ಅದು ಕೆಟ್ಟದ್ದೇನಲ್ಲ. ಕೀವು ಆಳಕ್ಕೆ ಇಳಿದಿದೆ ಅನ್ನಿಸಿದಾಗ, ಅಲ್ಟ್ರಾಸೌಂಡಿಗೆ ಸಿಗದ ಕಲ್ಲಿನ ಅನುಮಾನ ಇದ್ದಾಗ ಅದು ಬೇಕಾಗಬಹುದು. ಆದರೆ ಅದು ಎಕ್ಸ್‌ರೇಯಿಂದ ನಡೆಯುವುದು, ಬೆಳೆಯುವ ಮಕ್ಕಳ ಮೈಗೆ ಅದರ ತೊಂದರೆ ದೊಡ್ಡವರಿಗಿಂತ ಹೆಚ್ಚು. ಸುಮ್ನೆ ನೋಡಿಬಿಡೋಣ ಅಂತ ಮಾಡಿಸುವ ಸ್ಕ್ಯಾನ್ ಅಲ್ಲ ಅದು. ಅಯಸ್ಕಾಂತದಿಂದ ಚಿತ್ರ ತೆಗೆಯುವ ಎಂಆರ್‌ಐ ಸ್ಕ್ಯಾನಿನಲ್ಲಿ ಆ ಭಯವಿಲ್ಲ. ಗಟ್ಟಿ ಗಂಟು ಸಿಕ್ಕರೆ, ದವಡೆ ಮೂಳೆಯ ಹಿಂದೆ ಅಲ್ಟ್ರಾಸೌಂಡಿಗೆ ಕಾಣದ ಭಾಗ ನೋಡಬೇಕಾದರೆ ಅದೇ ಒಳ್ಳೆಯದು. ಒಳಗಿರುವ ಜೊಲ್ಲಿನಿಂದಲೇ ನಾಳದ ಚಿತ್ರ ತೆಗೆಯುತ್ತದೆ, ಹಿಂದಿನ ಹಾಗೆ ನಾಳಕ್ಕೆ ಔಷಧಿ ತುಂಬಿ ಎಕ್ಸ್‌ರೇ ತೆಗೆಯಬೇಕಿಲ್ಲ. ಆದರೆ ಅಷ್ಟು ಹೊತ್ತು ಅಲ್ಲಾಡದೆ ಮಲಗುವ ಆರು ವರ್ಷದ ಹುಡುಗ ಎಲ್ಲಿ ಸಿಗುತ್ತಾನೆ ಹೇಳಿ? ಮಂಪರು ಕೊಡಬೇಕಾಗಬಹುದು.

ಯಾರಾದರೂ ದೊಡ್ಡ ಸ್ಕ್ಯಾನ್ ಬರೆದುಕೊಟ್ಟರೆ, ‘ಅಲ್ಟ್ರಾಸೌಂಡಿನಲ್ಲಿ ಗೊತ್ತಾಗದ್ದು ಇದರಲ್ಲಿ ಏನು ಗೊತ್ತಾಗುತ್ತೆ?’ ಅಂತ ಕೇಳಿ. ಭಾವನವರ ಕೈಗೂ ಈ ಪುಟ ಕೊಡಿ. ಈ ಸಲದ ರಿಪೋರ್ಟು, ಫಿಲ್ಮು ಎತ್ತಿಡಿ. ಮುಂದಿನ ಸಲ ಊದಿದಾಗ ಡಾಕ್ಟರು ಮೊದಲು ಕೇಳುವುದು ಅದನ್ನೇ.

- ಸಂಪಾದಕ